ಟೆಸ್ಟಿಂಗ್ ಕಲಿತವರು ಪ್ರಶ್ನೆ ಕೇಳೋದನ್ನು ಯಾಕೆ ಕಲಿಯುತ್ತಿಲ್ಲ?

ಖೂಬಾಪ್ಲಾಟ್_ಟೆಸ್ಟರ್

ಎಲ್ಲರಿಗೂ ಶರಣು. ನಾನು ಬೆಂಗಳೂರಿನ ಕಂಪನಿಗೆ ಕಲಬುರಗಿಯ ಮನೆಯಿಂದಲೇ ಕೆಲಸ ಮಾಡುವ ಟೆಸ್ಟರ್, ಅಂದರೆ ಸಾಫ್ಟ್‌ವೇರ್ ಜನರ ಕೈಗೆ ಹೋಗುವ ಮೊದಲು ಅದರ ತಪ್ಪು ಹುಡುಕುವವಳು. ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ಹುಡುಗ ಹುಡುಗಿಯರಿಗೆ ಟೆಸ್ಟಿಂಗ್ ಹೇಳಿಕೊಡುತ್ತೇನೆ. ಬಿಇ, ಬಿಸಿಎ ಮುಗಿಸಿದವರು. ಎಲ್ಲೆಲ್ಲೋ ಕೋಚಿಂಗ್‌ಗೆ ದುಡ್ಡು ಕಟ್ಟಿ ಬಂದವರೂ ಇದ್ದಾರೆ.

ಒಂದು ವಿಷಯ ಭಾಳ ಚಿಂತೆಗೆ ಹಚ್ಚಿದೆ. ಸ್ಮೋಕ್, ಸ್ಯಾನಿಟಿ, ರಿಗ್ರೆಶನ್ ಅನ್ನುವ ಟೆಸ್ಟಿಂಗ್ ಬಗೆಗಳು ಅಂದರೇನು ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ಸೆವೆರಿಟಿ (ತಪ್ಪು ಎಷ್ಟು ದೊಡ್ಡದು) ಬೇರೆ, ಪ್ರಯಾರಿಟಿ (ಎಷ್ಟು ಬೇಗ ಸರಿಪಡಿಸಬೇಕು) ಬೇರೆ ಅಂತ ಉದಾಹರಣೆ ಸಮೇತ ಒಪ್ಪಿಸುತ್ತಾರೆ. ಆದರೆ ಒಂದು ಫಾರಂ ಮುಂದಿಟ್ಟು "ಇದು ಎಲ್ಲಿ ಕೈ ಕೊಡಬಹುದು?" ಅಂದರೆ ಸುಮ್ಮನಾಗುತ್ತಾರೆ. ಇವರು ದಡ್ಡರಲ್ಲ. ಆ ಪ್ರಶ್ನೆಯನ್ನು ಇವರಿಗೆ ಯಾರೂ ಕೇಳೇ ಇಲ್ಲ.

ನಾನು ಕೊಟ್ಟ ಫಾರಂ ಇದು. ತೊಗರಿ ಮಾರಲು ರೈತರು ಹೆಸರು ಹಚ್ಚುವ ಆಪ್ ಅಂದುಕೊಳ್ಳಿ, ಕಲಿಯೋಕೆ ಅಂತ ನಾನೇ ಮಾಡಿದ್ದು. ರೈತರ ಹೆಸರು, ತಾಲ್ಲೂಕು, ಸರ್ವೆ ನಂಬರ್, ಜಮೀನು ಎಷ್ಟು ಎಕರೆ, ತೊಗರಿ ಎಷ್ಟು ಕ್ವಿಂಟಲ್, ಮೊಬೈಲ್ ನಂಬರ್, ಕೆಳಗೆ "ಸಲ್ಲಿಸಿ" ಬಟನ್. ಅಷ್ಟೇ.

ಬಂದ ಉತ್ತರ: ಹೆಸರು ಖಾಲಿ ಬಿಟ್ಟು ನೋಡುತ್ತೇವೆ, ಮೊಬೈಲ್‌ಗೆ 9 ಅಂಕಿ ಹಾಕಿ ನೋಡುತ್ತೇವೆ, ಬಟನ್ ಬಣ್ಣ ನೋಡುತ್ತೇವೆ.

ಇದೆಲ್ಲ ಬೇಕು, ಬೇಡ ಅನ್ನಲ್ಲ. ಆದರೆ ಇಷ್ಟಕ್ಕೇ ನಿಂತರೆ ಟೆಸ್ಟರ್ ಯಾಕೆ ಬೇಕು? ನೀವಾದರೆ ಈ ಫಾರಂನಲ್ಲಿ ಏನು ನೋಡುತ್ತೀರಿ? ಈ ನೋಡುವ ಕಣ್ಣನ್ನು ಕಲಿಸಲು ಬರುತ್ತಾ, ಇಲ್ಲಾ ಅನುಭವದಿಂದಲೇ ಬರಬೇಕಾ?

ಆಳಂದ_ಹುಡುಗ

ಅಕ್ಕಾ, ನಮಗೆ ಹೇಳಿಕೊಟ್ಟಿದ್ದು ಪಾಸಿಟಿವ್ (ಸರಿಯಾದದ್ದು ಹಾಕುವುದು), ನೆಗೆಟಿವ್ (ತಪ್ಪಾದದ್ದು ಹಾಕುವುದು), ಬೌಂಡರಿ ವ್ಯಾಲ್ಯೂ (ಮಿತಿಯ ಅಂಚಿನ ಸಂಖ್ಯೆ ಹಾಕುವುದು). ಕ್ವಿಂಟಲ್‌ಗೆ ಸೊನ್ನೆ, ಮೈನಸ್ 1, ಭಾಳ ದೊಡ್ಡ ಸಂಖ್ಯೆ ಹಾಕುತ್ತೇನೆ. ಸರ್ವೆ ನಂಬರ್‌ಗೆ ಅಕ್ಷರ ಹಾಕಿದರೆ ಎರರ್ ಬರಬೇಕು. ಇನ್ನೇನು ಉಳಿಯಿತು ಅಂತ ಖರೇನೇ ಗೊತ್ತಾಗುತ್ತಿಲ್ಲ.

ಶಹಾಪುರದವ

ನಾನು ಟೆಸ್ಟರ್ ಅಲ್ಲ. ಆನ್‌ಲೈನ್ ಸೆಂಟರ್ ಇಟ್ಟಿದ್ದೇನೆ, ದಿನಾ ರೈತರ ಫಾರಂ ತುಂಬುವುದೇ ಕೆಲಸ. ಹೇಳಲಾ?

ಮೊದಲನೆಯದು, ಸರ್ವೆ ನಂಬರ್‌ಗೆ ಅಕ್ಷರ ಹಾಕಿದರೆ ಎರರ್ ಬರಬಾರದು ತಮ್ಮಾ! ಪಹಣಿ ಒಂದ್ಸಲ ತೆಗೆದು ನೋಡು. ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ಅಂತ ಮೂರು ಇರುತ್ತವೆ. 45/2ಅ ಅಂತ ಬರುತ್ತದೆ, ನಡುವೆ ಚುಕ್ಕಿ (*) ಗುರುತು ಬರುತ್ತದೆ. ಬರೀ ಅಂಕಿ ತಗೊಳ್ಳುವ ಬಾಕ್ಸ್ ಇಟ್ಟರೆ ಅರ್ಧ ಊರಿನ ಹೊಲ ಅದರಲ್ಲಿ ಹಿಡಿಸಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. "ಜಮೀನು ಎಷ್ಟು ಎಕರೆ" ಅಂತ ಒಂದೇ ಬಾಕ್ಸ್ ಇದೆ. ನಮ್ಮ ಕಡೆ 1 ಎಕರೆ 30 ಗುಂಟೆಗೆ 1.30 ಅಂತಲೇ ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆ. ಆಪ್ ಅದನ್ನು ಒಂದು ಪಾಯಿಂಟ್ ಮೂರು ಎಕರೆ ಅಂತ ತಿಳಿದರೆ? ಒಬ್ಬನಿಗೆ 1.30, 1.30 ಎರಡು ತುಂಡು ಇದ್ದರೆ ಕೂಡಿಸಿ 2.60 ಅನ್ನುತ್ತದೆ. ಖರೇ ಲೆಕ್ಕ 3 ಎಕರೆ 20 ಗುಂಟೆ. 36 ಗುಂಟೆ ಮಾಯ!

ಆಳಂದ_ಹುಡುಗ

ಯಪ್ಪಾ. ಇದು ನನಗೆ ಹೊಳೆಯಲೇ ಇಲ್ಲ ಅಣ್ಣಾ. ನಮ್ಮ ಮನೆಯಲ್ಲೂ ಹೊಲ ಇದೆ, 1.30 ಅಂತಲೇ ಬರೆಯುತ್ತೇವೆ.

ಖೂಬಾಪ್ಲಾಟ್_ಟೆಸ್ಟರ್

ಶಹಾಪುರದ ಅಣ್ಣಾರೆ, ಇದನ್ನೇ ಕಾಯುತ್ತಿದ್ದೆ. ಆಳಂದದ ತಮ್ಮಾ, ನೋಡು, ಉತ್ತರ ನಿನ್ನ ಮನೆಯಲ್ಲೇ ಇತ್ತು. ಕೋಚಿಂಗ್‌ನಲ್ಲಿ ಕೂತಾಗ ಮನೆ ಬೇರೆ, ಸಾಫ್ಟ್‌ವೇರ್ ಬೇರೆ ಅನ್ನಿಸಿಬಿಡುತ್ತದೆ. ನಾನು ಬಿಡಿಸಬೇಕಿರುವ ಗಂಟು ಅದೇ.

ಬೀದರ್_ಡೆವ್

ಒಂದು ನಿಮಿಷ. ಡೆವಲಪರ್ ಪರವಾಗಿ ಮಾತಾಡುತ್ತೇನೆ. ಇದು ಬಗ್ (ಸಾಫ್ಟ್‌ವೇರ್‌ನ ದೋಷ) ಅಲ್ಲ ರೀ, ರಿಕ್ವೈರ್‌ಮೆಂಟ್ (ಏನು ಬೇಕು ಅನ್ನುವ ವಿವರ) ಬರೆದವರ ತಪ್ಪು. "ಎಕರೆ" ಅಂತ ಬರೆದುಕೊಟ್ಟರು, ನಾನು ದಶಮಾಂಶ ಸಂಖ್ಯೆ ಅಂತ ಇಟ್ಟೆ. ಟೆಸ್ಟರ್ ಕೆಲಸ ಬರೆದುಕೊಟ್ಟಿದ್ದರ ಪ್ರಕಾರ ಇದೆಯಾ ಇಲ್ವಾ ನೋಡೋದು. ಗುಂಟೆ ಲೆಕ್ಕ ಬಿಸಿನೆಸ್ ಅನಲಿಸ್ಟ್ ಹೇಳಬೇಕಿತ್ತು. ಎಲ್ಲಾ ಟೆಸ್ಟರೇ ನೋಡಬೇಕು ಅಂದರೆ ರಿಲೀಸ್ (ಜನರಿಗೆ ಬಿಡುವುದು) ಯಾವಾಗ?

ಹುಮನಾಬಾದ್_ಅಕ್ಕ

ಬೀದರ್ ತಮ್ಮಾ, ನಿನ್ನ ಮಾತು ನಾನು ಕೆಲಸ ಮಾಡಿದ ಪ್ರತಿ ಟೀಮ್‌ನಲ್ಲೂ ಕೇಳಿದ್ದೇನೆ. ಟೆಸ್ಟಿಂಗ್ ಬರೀ ಬರೆದುಕೊಟ್ಟಿದ್ದಕ್ಕೆ ಟಿಕ್ ಹಾಕುವುದಾದರೆ ಬರೆದುಕೊಟ್ಟವರ ತಪ್ಪಿಗೂ ಟಿಕ್ ಬೀಳುತ್ತದೆ. ಅದನ್ನು ಹಿಡಿಯೋರು ಯಾರು? ರೈತ ಹಿಡಿಯುತ್ತಾನೆ, ಎಪಿಎಂಸಿ ಮುಂದೆ ಸಾಲಿನಲ್ಲಿ ನಿಂತು.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ನೌಕೆ ಮಂಗಳ ಮುಟ್ಟಿದ ಹೊತ್ತಿಗೆ ಕಳೆದುಹೋಯಿತು. ಕಾರಣ ಇಂಥದ್ದೇ. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಬಲ ಕೊಡುತ್ತಿತ್ತು, ಅದನ್ನು ಓದುವ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಅಂತ ತಿಳಿದಿತ್ತು. ಎರಡೂ ತಮ್ಮ ಪಾಡಿಗೆ ಸರಿಯಾಗೇ ಓಡುತ್ತಿದ್ದವು. ಸಂಖ್ಯೆ ಇದೆ, ಆದರೆ ಯಾವ ಅಳತೆ? ಈ ಪ್ರಶ್ನೆ ಕೇಳಲು ಕೋಡಿಂಗ್ ಬೇಕಿಲ್ಲ, ಹುದ್ದೆಯ ಹೆಸರೂ ಬೇಕಿಲ್ಲ.

ಬೀದರ್_ಡೆವ್

ಒಪ್ಪಿದೆ ಅಕ್ಕಾ, ಪ್ರಶ್ನೆ ಕೇಳಲಿ. ಆದರೆ ರಿಲೀಸ್ ಹಿಂದಿನ ರಾತ್ರಿ ಬಂದು ಕೇಳಬಾರದು. ಸ್ಪೆಕ್ (ಬರೆದುಕೊಟ್ಟ ವಿವರ) ಬಂದ ದಿನವೇ ಕೇಳಲಿ.

ಹುಮನಾಬಾದ್_ಅಕ್ಕ

ಸ್ಪೆಕ್ ಮೀಟಿಂಗ್‌ಗೆ ಟೆಸ್ಟರ್‌ನ ಕರೆಯಿರಿ, ಅವತ್ತೇ ಕೇಳುತ್ತೇವೆ. ಕರೆಯಲ್ಲ, ಬಿಲ್ಡ್ (ತಯಾರಾದ ಆಪ್) ಬಂದ ಮೇಲೆ ಲಿಂಕ್ ಕಳಿಸುತ್ತೀರಿ.

ಸೇಡಂ_ರೋಡ್

ಅಕ್ಕ ಹೇಳಿದ್ದು 100% ಸರಿ. ಸ್ಪೆಕ್‌ನಲ್ಲೇ ಹಿಡಿದ ಬಗ್‌ಗೆ 1 ರೂಪಾಯಿ ಖರ್ಚಾದರೆ ಪ್ರೊಡಕ್ಷನ್‌ಗೆ (ಜನ ಬಳಸುವ ಹಂತಕ್ಕೆ) ಹೋದ ಮೇಲೆ 100 ರೂಪಾಯಿ. ಐಬಿಎಂ ಸ್ಟಡಿಯಲ್ಲಿ ಸಾಬೀತಾಗಿದೆ.

ಖೂಬಾಪ್ಲಾಟ್_ಟೆಸ್ಟರ್

ಈ 100 ಪಟ್ಟಿನ ಮಾತನ್ನು ಬಿಟ್ಟುಬಿಡೋಣ ಪ್ಲೀಸ್. "ಐಬಿಎಂ ಸಿಸ್ಟಮ್ಸ್ ಸೈನ್ಸಸ್ ಇನ್‌ಸ್ಟಿಟ್ಯೂಟ್" ಹೆಸರಲ್ಲಿ ಆ ಗ್ರಾಫ್ ಎಲ್ಲಾ ಪಿಪಿಟಿಯಲ್ಲೂ ಇದೆ. ಮೂಲ ಹುಡುಕಿಕೊಂಡು ಹೋದವರಿಗೆ ಪ್ರಕಟವಾದ ಅಧ್ಯಯನ ಸಿಗಲಿಲ್ಲ. ಅದು ಕಂಪನಿಯೊಳಗಿನ ತರಬೇತಿ ಕಾರ್ಯಕ್ರಮ, ಅಲ್ಲಿನ ನೋಟ್ಸ್‌ನಿಂದ ಒಬ್ಬರು ಎತ್ತಿದ್ದನ್ನು ಉಳಿದವರು ಎತ್ತುತ್ತಾ ಬಂದರು. ತಡವಾದಷ್ಟೂ ಸರಿಪಡಿಸುವುದು ಕಷ್ಟ ಅನ್ನುವುದು ಎಷ್ಟೋ ಸಲ ನಿಜ. ಆದರೆ ಪಕ್ಕಾ 100 ಅಂತ ಹೇಳಲು ಆಧಾರ ಇಲ್ಲ.

ಬೇರೆಯವರ ಸಾಫ್ಟ್‌ವೇರ್‌ನ ಅನುಮಾನದಿಂದ ನೋಡುವ ನಾವು ನಮ್ಮ ಕಸುಬಿನ ಸ್ಲೈಡ್‌ಗಳನ್ನು ಕಣ್ಣು ಮುಚ್ಚಿ ನಂಬುತ್ತೇವೆ. ಇದು ನನಗೆ ಸಹಿಸಲ್ಲ. ಅದೇ ಅನುಮಾನ ಇಲ್ಲೂ ಇರಬೇಕು ಅಲ್ವಾ?

ಸೇಡಂ_ರೋಡ್

ನಾನು ಓದಿದ ಎಲ್ಲಾ ಕಡೆ ಹಾಗೇ ಇತ್ತು. ಹುಡುಕಿ ನೋಡುತ್ತೇನೆ.

ಚಿಂಚೋಳಿ_ಎಕ್ಸ್‌ಪ್ರೆಸ್

ನಡುವೆ ಬಾಯಿ ಹಾಕುತ್ತೇನೆ. ಫಾರಂನಲ್ಲಿ ತಾಲ್ಲೂಕು ಡ್ರಾಪ್‌ಡೌನ್ ಇದ್ದರೆ ಯಡ್ರಾಮಿ, ಕಾಳಗಿ, ಕಮಲಾಪುರ, ಶಹಾಬಾದ್ ಇವೆಯಾ ನೋಡಿ. 2018ರಲ್ಲಿ ಹೊಸ ತಾಲ್ಲೂಕು ಆದವು. ಇನ್ನೂ ಎಷ್ಟೋ ಕಡೆ ಯಡ್ರಾಮಿಯವರು ಜೇವರ್ಗಿ ಅಂತಲೇ ಆರಿಸಬೇಕು. ಊರಿನ ಹೆಸರೂ ಅಷ್ಟೇ, 2014ರಲ್ಲಿ ಕಲಬುರಗಿ ಆಯಿತು. ಹಳೇ ದಾಖಲೆಯಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ. ಆಪ್ ಎರಡು ಬೇರೆ ಊರು ಅಂದುಕೊಳ್ಳುತ್ತದೆ.

ಶಹಾಪುರದವ

ನಮ್ಮ ಕಡೆ ವಡಗೇರಾ, ಹುಣಸಗಿದೂ ಇದೇ ಕಥೆ. ಫಾರಂ ತುಂಬುವಾಗ ಯಾವ ತಾಲ್ಲೂಕು ಅಂತ ರೈತ ನಮ್ಮನ್ನು ಕೇಳುತ್ತಾನೆ, ನಾವು ಅವನನ್ನು ಕೇಳುತ್ತೇವೆ.

ಬೀದರ್_ಡೆವ್

ನಮ್ಮ ಜಿಲ್ಲೆಯಲ್ಲಿ ಚಿಟಗುಪ್ಪ, ಹುಲಸೂರು, ಕಮಲನಗರ. ಬೀದರ್‌ದ ಕಮಲನಗರ ಬೇರೆ, ಕಲಬುರಗಿಯ ಕಮಲಾಪುರ ಬೇರೆ. ಹುಡುಕುವಾಗ "ಕಮಲ" ಅಂತ ಟೈಪ್ ಮಾಡಿ ಮೊದಲು ಬಂದಿದ್ದು ಒತ್ತಿದರೆ ಮುಗೀತು.

ಖೂಬಾಪ್ಲಾಟ್_ಟೆಸ್ಟರ್

ಬೀದರ್ ತಮ್ಮಾ, ಈಗ ಟೆಸ್ಟಿಂಗ್ ಮಾಡಿದ್ದು ನೀನೇ.

ಕನ್ನಡ_ಅಕ್ಷರ

ಹೆಸರಿನ ಬಾಕ್ಸ್ ಬಗ್ಗೆ ಯಾರೂ ಮಾತಾಡಿಲ್ಲ. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

"ಮಲ್ಲಿಕಾರ್ಜುನ" ಅಂತ ಬರೆಯಿರಿ. ಕಣ್ಣಿಗೆ ಐದು ಅಕ್ಷರ: ಮ, ಲ್ಲಿ, ಕಾ, ರ್ಜು, ನ. ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ ಪಟ್ಟಿ) ಒತ್ತು, ಗುಣಿತ ಎಲ್ಲಾ ಬಿಡಿಬಿಡಿಯಾಗಿ ಲೆಕ್ಕ, ಅಲ್ಲಿ ಅದು 12. ಅದನ್ನು ಸೇವ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 36. ಈಗ ನಮ್ಮ ಭಾಗದಲ್ಲಿ ಬರೆಯುವಂತೆ "ಮಲ್ಲಿಕಾರ್ಜುನಪ್ಪ ತಂದೆ ಶರಣಬಸಪ್ಪ" ಅಂತ ತುಂಬಿ. ಖಾಲಿ ಜಾಗ ಸೇರಿ 29 ಆಗುತ್ತದೆ. ಬಾಕ್ಸ್‌ಗೆ 25ರ ಮಿತಿ ಇದ್ದರೆ "ಶರಣಬ" ಅಂತ ನಿಲ್ಲುತ್ತದೆ. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದಿದೆ. "ಕೋ" ಅನ್ನು ಎರಡು ಥರ ಸೇವ್ ಮಾಡಬಹುದು. ಓ ಗುಣಿತದ ಚಿಹ್ನೆ ಒಂದೇ ಸಂಕೇತವಾಗಿ ಇರಬಹುದು, ಇಲ್ಲಾ ಮೂರು ತುಂಡು ಸೇರಿ ಆಗಿರಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದು ಫೋನಿನಿಂದ ತುಂಬಿದ "ಕೋಟೆ" ಇನ್ನೊಂದರಿಂದ ಹುಡುಕಿದರೆ ಸಿಗದೇ ಹೋಗಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಅದಕ್ಕೆ ನಾರ್ಮಲೈಸೇಶನ್ ಅಂತಾರೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ದಾಖಲೆ ಕಾಪಿ ಮಾಡಿ ಅಂಟಿಸಿದರೆ ಏನಾಗುತ್ತದೆ ಅನ್ನುವುದು ಇನ್ನೊಂದು ದಿನದ ಮಾತು.

ಕಲಬುರಗಿಯಲ್ಲಿ ಕೂತು ಟೆಸ್ಟಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಬಂಡವಾಳ ಬೇಕಾ? ಬೇರೆ ಊರಿನ ಟೆಸ್ಟರ್ ಇದನ್ನು ಓದಿ ತಿಳಿಯಬೇಕು. ನಿಮಗೆ ನಿಮ್ಮ ಅಪ್ಪನ ಹೆಸರು ತುಂಬಿದರೆ ಸಾಕು.

ಆಳಂದ_ಹುಡುಗ

ಸೇವ್ ಮಾಡಿ ಇಟ್ಟುಕೊಂಡೆ ಸರ್.

ಸೇಡಂ_ರೋಡ್

ಎಲ್ಲಾ ಚೆನ್ನಾಗಿದೆ, ಆದರೆ ನೌಕರಿ ಮಾತಾಡೋಣ. ಇಷ್ಟೆಲ್ಲಾ ಯೋಚಿಸಿದವರಿಗೆ ಸಂಬಳ ಯಾರು ಕೊಡುತ್ತಾರೆ? ಜಾಹೀರಾತು ತೆಗೆದು ನೋಡಿ: ಸೆಲೆನಿಯಂ, ಪ್ಲೇರೈಟ್, ಜಾವಾ, ಪೈಥಾನ್, ಎಪಿಐ, ಸಿಐ, ಎಲ್ಲಾ ಟೂಲ್, ಕೋಡಿಂಗ್ ಮಾತೇ. "ಗುಂಟೆ ಲೆಕ್ಕ ಗೊತ್ತಿರಬೇಕು" ಅಂತ ಯಾರೂ ಹಾಕಲ್ಲ. ಮ್ಯಾನ್ಯುಯಲ್ (ಕೈಯಿಂದ ಮಾಡುವ) ಟೆಸ್ಟಿಂಗ್‌ಗೆ ಹೊಸಬರನ್ನು ತಗೊಳ್ಳುವುದೇ ಕಡಿಮೆ ಆಗಿದೆ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ 2014ರಲ್ಲಿ ಪ್ರತ್ಯೇಕ ಟೆಸ್ಟರ್ ಹುದ್ದೆ ದೊಡ್ಡ ಪ್ರಮಾಣದಲ್ಲಿ ಇಳಿಸಿತು. ಹುಡುಗರಿಗೆ ಮೊದಲು ಆಟೊಮೇಶನ್ (ಸ್ಕ್ರಿಪ್ಟ್ ಬರೆದು ಯಂತ್ರದಿಂದಲೇ ಟೆಸ್ಟ್ ಮಾಡಿಸುವುದು) ಕಲಿಸಿ, ಯೋಚನೆ ಆಮೇಲೆ ತಾನೇ ಬರುತ್ತದೆ.

ಹುಮನಾಬಾದ್_ಅಕ್ಕ

ತಾನೇ ಬರಲ್ಲ. ಬರುವುದಾಗಿದ್ದರೆ ಸಾವಿರ ಸ್ಕ್ರಿಪ್ಟ್ ಹಸಿರು (ಪಾಸ್) ತೋರಿಸಿ ಪ್ರೊಡಕ್ಷನ್ ಬಿದ್ದುಹೋಗುವುದನ್ನು ನಾವು ನೋಡುತ್ತಿರಲಿಲ್ಲ.

2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಅಪ್‌ಡೇಟ್‌ನಿಂದ ವಿಮಾನ, ಬ್ಯಾಂಕ್, ಆಸ್ಪತ್ರೆ ಎಲ್ಲಾ ಕಡೆ ನೀಲಿ ಪರದೆ. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಕಂಪ್ಯೂಟರ್. ಕ್ರೌಡ್‌ಸ್ಟ್ರೈಕ್‌ನವರೇ ಆಮೇಲೆ ಕಾರಣ ಬರೆದು ಹಾಕಿದರು. ಒಂದು ಕಡೆ 21 ಇನ್‌ಪುಟ್ ಅಂತ ಇತ್ತು, ಅದನ್ನು ಒದಗಿಸುವ ಕೋಡ್ ಕೊಡುತ್ತಿದ್ದುದು 20. ಹಾಗಾದರೆ ಆಟೊಮೇಟೆಡ್ ಟೆಸ್ಟ್ ಇರಲಿಲ್ವಾ? ಇತ್ತು. ಆದರೆ ಆ ಟೆಸ್ಟ್‌ಗಳಲ್ಲಿ 21ನೇ ಜಾಗಕ್ಕೆ "ಏನಿದ್ದರೂ ಸೈ" ಅನ್ನುವ ವೈಲ್ಡ್‌ಕಾರ್ಡ್ ಹಾಕಿದ್ದರು. ಹಾಗಾಗಿ 21ನೇದನ್ನು ಯಾರೂ ಓದಲೇ ಇಲ್ಲ, ಎಲ್ಲಾ ಪಾಸ್. ಮೊದಲ ಸಲ ಅಲ್ಲಿ ನಿಜವಾದ ವ್ಯಾಲ್ಯೂ ಹಾಕಿದ ಅಪ್‌ಡೇಟ್ ಹೊರಗೆ ಹೋಯಿತು, ಯಂತ್ರಗಳು ಬಿದ್ದವು.

ಟೂಲ್‌ನಲ್ಲಿ ದೋಷ ಇರಲಿಲ್ಲ. ಆ ಟೆಸ್ಟ್ ಏನನ್ನು ನೋಡುತ್ತಿಲ್ಲ ಅಂತ ಒಬ್ಬರು ಕೇಳಬೇಕಿತ್ತು.

ಸೇಡಂ_ರೋಡ್

ಅಕ್ಕಾ, ಅದೇ ಉದಾಹರಣೆಯಿಂದ ನಾನು ಬೇರೆ ಮಾತು ಹೇಳಬಹುದು. ಒಂದು ಯಂತ್ರದ ಮೇಲೆ ಆ ಫೈಲ್ ಹಾಕಿ ಬೂಟ್ ಮಾಡಿ ನೋಡುವ ಸ್ಕ್ರಿಪ್ಟ್ ಇದ್ದಿದ್ದರೆ ಅಲ್ಲೇ ಸಿಗುತ್ತಿತ್ತು. ಎಲ್ಲರಿಗೂ ಒಂದೇ ಸಲ ಕಳಿಸದೆ ಸ್ವಲ್ಪ ಸ್ವಲ್ಪವೇ ಕಳಿಸಿದ್ದರೂ ಇಷ್ಟು ಹರಡುತ್ತಿರಲಿಲ್ಲ. ಅಂದರೆ ಆಟೊಮೇಶನ್ ಕಡಿಮೆ ಆಯಿತು, ಜಾಸ್ತಿ ಆಗಿದ್ದಲ್ಲ.

ಹುಮನಾಬಾದ್_ಅಕ್ಕ

ಇದು ಸರಿಯಾದ ಮಾತು, ಒಪ್ಪುತ್ತೇನೆ. ಆ ಸ್ಕ್ರಿಪ್ಟ್ ಬೇಕು ಅಂತ ಹೊಳೆಯುವುದು ಮಾತ್ರ ಟೂಲ್‌ಗಲ್ಲ, ಮನುಷ್ಯರಿಗೆ.

ಬೀದರ್_ಡೆವ್

ಡೈಕ್‌ಸ್ಟ್ರಾ ಅನ್ನುವ ಕಂಪ್ಯೂಟರ್ ವಿಜ್ಞಾನಿ ಹೇಳಿದ್ದು ಇದಕ್ಕೇ ಅಲ್ವಾ: ಟೆಸ್ಟಿಂಗ್‌ನಿಂದ ಬಗ್ ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸಲಾಗಲ್ಲ. ನಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿದರೆ "ಹಾಗಾದರೆ ಸೈನ್ ಆಫ್ (ಎಲ್ಲಾ ಸರಿ ಇದೆ ಅನ್ನುವ ಒಪ್ಪಿಗೆ) ಯಾಕೆ ಕೊಡುತ್ತೀರಿ" ಅಂತಾರೆ.

ಖೂಬಾಪ್ಲಾಟ್_ಟೆಸ್ಟರ್

ನಾನು ಸೈನ್ ಆಫ್ ಅಂತ ಬರೆಯುವುದನ್ನೇ ಬಿಟ್ಟಿದ್ದೇನೆ. ಏನು ನೋಡಿದೆ, ಏನು ನೋಡಿಲ್ಲ, ಯಾವುದರ ಬಗ್ಗೆ ಭಯ ಇದೆ, ಇಷ್ಟು ಬರೆದು ಕಳಿಸುತ್ತೇನೆ. ಬಿಡುವುದು ಬಿಡದಿರುವುದು ಅವರ ತೀರ್ಮಾನ. ಮೊದಮೊದಲು ಬೇಜಾರಾದರು. ಈಗ "ನೋಡಿಲ್ಲ" ಅನ್ನುವ ಭಾಗವನ್ನೇ ಮೊದಲು ಓದುತ್ತಾರೆ.

ಕಮಲಾಪುರ_ಬಾಳೆ

ಐಎಸ್‌ಟಿಕ್ಯುಬಿ (ಟೆಸ್ಟಿಂಗ್ ಸರ್ಟಿಫಿಕೇಟ್ ಪರೀಕ್ಷೆ) ಮಾಡಿದರೆ ಕೆಲಸ ಸಿಗುತ್ತಾ? ಒಂದು ಕೋಚಿಂಗ್‌ನವರು ಅದು ಇಲ್ಲದೆ ಇಂಟರ್‌ವ್ಯೂಗೇ ಕರೆಯಲ್ಲ ಅಂತಿದ್ದಾರೆ. ಫೀಸ್ ಭಾಳ ಹೇಳಿದ್ದಾರೆ.

ಸೇಡಂ_ರೋಡ್

ಕರೆಯಲ್ಲ ಅನ್ನುವುದು ಸುಳ್ಳು. ಕೆಲವು ಸರ್ವಿಸ್ ಕಂಪನಿಗಳಲ್ಲಿ ಇದ್ದರೆ ಅನುಕೂಲ. ಅದರ ಮೊದಲ ಹಂತದ ಫೌಂಡೇಶನ್ ಪರೀಕ್ಷೆ 40 ಪ್ರಶ್ನೆ, 26 ಸರಿ ಇದ್ದರೆ ಪಾಸ್, 60 ನಿಮಿಷ. ಸಿಲಬಸ್ ಅವರ ವೆಬ್‌ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಕೋಚಿಂಗ್ ಇಲ್ಲದೆ ಓದಿ ಬರೆಯಬಹುದು.

ಕನ್ನಡ_ಅಕ್ಷರ

ಒಂದು ತಿದ್ದುಪಡಿ. ಪರೀಕ್ಷೆ ನಮ್ಮ ಮಾತೃಭಾಷೆಯಲ್ಲಿ ಇಲ್ಲದಿದ್ದರೆ 25% ಹೆಚ್ಚು ಸಮಯ ಇದೆ, ಅಂದರೆ 75 ನಿಮಿಷ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಲ್ಲ.

ಗುರುಮಠಕಲ್_ಮಾಸ್ತರ್

ನಾನು ಶಾಲೆ ಮಾಸ್ತರ. ನಿಮ್ಮ ಮಾತು ಅರ್ಧ ತಿಳಿಯಿತು, ಅರ್ಧ ಇಲ್ಲ. ಮಗಳು ಬಿಸಿಎ ಕೊನೆ ವರ್ಷ. ಟೆಸ್ಟಿಂಗ್ ಕಡೆ ಹೋಗುತ್ತೇನೆ ಅಂತಾಳೆ. ಸಂಬಂಧಿಕರೊಬ್ಬರು "ಕೋಡಿಂಗ್ ಬರದವರು ಹೋಗುವ ಜಾಗ ಅದು, ಎಐ ಬಂದ ಮೇಲೆ ಅದೂ ಇಲ್ಲ" ಅಂದರು. ಅವಳು ಊಟ ಬಿಟ್ಟು ಕೂತಳು. ನಾನೇನು ಹೇಳಲಿ? ಸುಳ್ಳು ಧೈರ್ಯ ಬೇಡ, ಇದ್ದದ್ದು ಹೇಳಿ.

ಖೂಬಾಪ್ಲಾಟ್_ಟೆಸ್ಟರ್

ಮಾಸ್ತರ್, ಇದ್ದದ್ದೇ ಹೇಳುತ್ತೇನೆ. ಬರೀ ಕೊಟ್ಟ ಟೆಸ್ಟ್ ಕೇಸ್ ಓದಿ ಕ್ಲಿಕ್ ಮಾಡುವ ಕೆಲಸಕ್ಕೆ ಭವಿಷ್ಯ ಇಲ್ಲ. ಅದು ಮೊದಲೂ ಒಳ್ಳೇ ಕೆಲಸ ಆಗಿರಲಿಲ್ಲ. ಹೊಸಬರಿಗೆ ಬಾಗಿಲು ಸಣ್ಣದಾಗಿದೆ, ಮನೆಯಿಂದ ಕೆಲಸ ಶುರುವಿನಲ್ಲೇ ಸಿಗುವುದು ಕಷ್ಟ. ನಾಲ್ಕೈದು ವರ್ಷ ಹೈದರಾಬಾದ್, ಪುಣೆ, ಬೆಂಗಳೂರು ಅಂತ ಹೋಗಬೇಕಾಗುತ್ತದೆ. ಗುರುಮಠಕಲ್‌ನಿಂದ ಹೈದರಾಬಾದ್ ಹತ್ತಿರವೇ ಇದೆ.

ಆದರೆ "ಕೋಡಿಂಗ್ ಬರದವರ ಜಾಗ" ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಕೋಡ್ ಓದಲು ಬರಬೇಕು, ಪೈಥಾನ್ ಇಲ್ಲಾ ಜಾವಾ ಒಂದಾದರೂ ಬೇಕು, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಬೇಕೇ ಬೇಕು, ಪೋಸ್ಟ್‌ಮ್ಯಾನ್‌ನಲ್ಲಿ ಎಪಿಐ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಕರೆದು ನೋಡಲು ಬರಬೇಕು. ಅದರ ಮೇಲೆ ಈ ಅನುಮಾನದ ಕಣ್ಣು ಬೇಕು. ಕೋಡಿಂಗ್‌ನಿಂದ ತಪ್ಪಿಸಿಕೊಳ್ಳಲು ಬಂದವರು ಉಳಿಯಲ್ಲ.

ಮಗಳಿಗೆ ಒಂದು ಪ್ರಶ್ನೆ ಕೇಳಿ. ಮನೆಯ ಫೋನಿನಲ್ಲಿ ಯಾವುದೋ ಆಪ್ ಕೆಟ್ಟಾಗ ಅವಳು ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾಳಾ, ಇಲ್ಲಾ ಯಾಕೆ ಕೆಟ್ಟಿತು ಅಂತ ಕೆದಕುತ್ತಾ ಕೂರುತ್ತಾಳಾ? ಕೂರುತ್ತಾಳೆ ಅಂದರೆ ಕಳಿಸಿ. ಭಾನುವಾರ ನಮ್ಮ ಮನೆಗೂ ಕಳಿಸಿ, ಇಲ್ಲಾ ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಳ್ಳುತ್ತೇನೆ. ದುಡ್ಡು ಬೇಡ.

ಗುರುಮಠಕಲ್_ಮಾಸ್ತರ್

ಕೂರುತ್ತಾಳೆ ತಾಯಿ. ರೇಷನ್ ಆಪ್‌ನಲ್ಲಿ ನಮ್ಮ ಹೆಸರು ಎರಡು ಸಲ ಬರುತ್ತಿತ್ತು, ಅದೇಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡಳು. ಅವಳಿಗೆ ಇದನ್ನು ಓದಿಸುತ್ತೇನೆ.

ಶಹಾಪುರದವ

ಎರಡು ಸಲ ಅಂದಾಗ ನೆನಪಾಯಿತು. ನೆಟ್ ನಿಧಾನ ಇದ್ದಾಗ "ಸಲ್ಲಿಸಿ" ಒತ್ತಿದರೆ ಏನೂ ಆಗಲ್ಲ, ಮತ್ತೆ ಒತ್ತುತ್ತಾರೆ. ಆಮೇಲೆ ಎರಡು ನೋಂದಣಿ, ಎರಡು ಎಸ್‌ಎಂಎಸ್. ಎರಡೂ ರದ್ದಾಗಿ ರೈತ ನನ್ನ ಮೇಲೆ ಕೂಗಾಡುತ್ತಾನೆ. ಅಕ್ಕಾರೆ, ಈ ಟೆಸ್ಟ್ ಮಾತ್ರ ಬಿಡಬೇಡಿ.

ಹುಮನಾಬಾದ್_ಅಕ್ಕ

ಇದಕ್ಕೆ ಜತೆಯಾದ ಇನ್ನೊಂದು: ಭಾಳ ಬೇಗ ತುಂಬುವವರು. ನಿಮ್ಮಂಥ ಸೆಂಟರ್‌ನವರು ಕಣ್ಣು ಮುಚ್ಚಿ ಟ್ಯಾಬ್ ಒತ್ತುತ್ತಾ ಹೋಗುತ್ತೀರಿ. ಟೆಸ್ಟ್ ಮಾಡುವವರು ನಿಧಾನಕ್ಕೆ ಒಂದೊಂದೇ ತುಂಬುತ್ತಾರೆ.

ಥೆರಾಕ್-25 ಅಂತ ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರ ಇತ್ತು. 1985ರಿಂದ 1987ರ ನಡುವೆ ಆರು ಸಲ ರೋಗಿಗಳಿಗೆ ವಿಪರೀತ ವಿಕಿರಣ ತಗುಲಿತು, ಕೆಲವರು ಸತ್ತರು. ಒಂದು ದೋಷ ಇಂಥದ್ದು: ಕೈ ಪಳಗಿದ ಆಪರೇಟರ್ ತಪ್ಪಾಗಿ ಹಾಕಿದ್ದನ್ನು ಕೆಲವೇ ಸೆಕೆಂಡಿನಲ್ಲಿ ತಿದ್ದಿ ಮುಂದೆ ಹೋದರೆ ಪರದೆಯಲ್ಲಿ ತಿದ್ದಿದ್ದು ಕಾಣುತ್ತಿತ್ತು, ಯಂತ್ರದೊಳಗೆ ಹಳೇದೇ ಉಳಿಯುತ್ತಿತ್ತು. ನಿಧಾನಕ್ಕೆ ಮಾಡಿದವರಿಗೆ ಅದು ಸಿಗುತ್ತಲೇ ಇರಲಿಲ್ಲ. ಹಿಂದಿನ ಮಾದರಿಯಲ್ಲಿ ಹಾರ್ಡ್‌ವೇರ್ ತಡೆ ಇದ್ದು ಅದೇ ದೋಷ ಮುಚ್ಚಿಹೋಗಿತ್ತು. ಹೊಸದರಲ್ಲಿ ಆ ತಡೆ ತೆಗೆದು ಸಾಫ್ಟ್‌ವೇರ್ ಮೇಲೆ ಭರವಸೆ ಇಟ್ಟರು.

ಇದನ್ನು ಓದಿದ ಮೇಲೆ ನನಗೆ "ನಮ್ಮ ಹತ್ತಿರ ರಿಪ್ರೊಡ್ಯೂಸ್ ಆಗುತ್ತಿಲ್ಲ (ಮತ್ತೆ ಮಾಡಿ ನೋಡಿದರೆ ಬರುತ್ತಿಲ್ಲ)" ಅಂತ ಬಗ್ ಮುಚ್ಚಲು ಕೈ ಬರಲ್ಲ.

ಬೀದರ್_ಡೆವ್

ರಿಪ್ರೊಡ್ಯೂಸ್ ವಿಷಯ ಎತ್ತಿದಿರಿ, ನನ್ನ ದೂರು ಕೇಳಿ. ಟೆಸ್ಟರ್ ಬರೆಯುತ್ತಾರೆ: "ಜಮೀನು ಫೀಲ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ನೋಡಿ." ನಾನು ಏನು ನೋಡಲಿ?

ಖೂಬಾಪ್ಲಾಟ್_ಟೆಸ್ಟರ್

ಈ ದೂರು ನ್ಯಾಯವಾದದ್ದು. ನಾನು ಹುಡುಗರಿಗೆ ಹೀಗೆ ಬರೆಸುತ್ತೇನೆ:

"ಜಮೀನು ಕಾಲಂನಲ್ಲಿ 1.10 ಹಾಕಿ ಸಲ್ಲಿಸಿದರೆ ರಸೀದಿಯಲ್ಲಿ 1.1 ಅಂತ ಬರುತ್ತದೆ. 1 ಎಕರೆ 10 ಗುಂಟೆ ಇರುವವರದು 1 ಎಕರೆ 1 ಗುಂಟೆ ಅಂತ ಓದಿಸುತ್ತದೆ. 1.20, 1.30ಕ್ಕೂ ಹೀಗೇ. 1.11, 1.25ಕ್ಕೆ ಸರಿ ಬರುತ್ತದೆ. ಹಾಗಾಗಿ ಸೊನ್ನೆಯಿಂದ ಮುಗಿಯುವ ಗುಂಟೆಗೆ ಮಾತ್ರ ತೊಂದರೆ. ಸಂಖ್ಯೆಯಾಗಿ ಸೇವ್ ಆಗುವಾಗ ಕೊನೆಯ ಸೊನ್ನೆ ಬಿದ್ದುಹೋಗುತ್ತಿದೆ ಅಂತ ಊಹೆ. ಎಕರೆ, ಗುಂಟೆ ಎರಡು ಬಾಕ್ಸ್ ಮಾಡಿದರೆ ಹೇಗೆ? ಗುಂಟೆಗೆ 0ಯಿಂದ 39."

ಬೀದರ್_ಡೆವ್

ಇಂಥ ರಿಪೋರ್ಟ್ ಬಂದರೆ ನಾನು ಜಗಳ ಆಡಲ್ಲ ಅಕ್ಕಾ, ಮಧ್ಯಾಹ್ನದೊಳಗೆ ಸರಿ ಮಾಡುತ್ತೇನೆ.

ಚಿಂಚೋಳಿ_ಎಕ್ಸ್‌ಪ್ರೆಸ್

ಎಐಗೆ ಈ ಫಾರಂ ಕೊಟ್ಟು ಟೆಸ್ಟ್ ಕೇಸ್ ಬರೆಸಿದೆ. ಉದ್ದ ಪಟ್ಟಿ ಬಂತು. ಖಾಲಿ ಹೆಸರು, ಎಸ್‌ಕ್ಯೂಎಲ್ ಇಂಜೆಕ್ಷನ್ (ಬಾಕ್ಸ್‌ನಲ್ಲಿ ಡೇಟಾಬೇಸ್ ಆಜ್ಞೆ ತುರುಕುವುದು), ಉದ್ದ ಹೆಸರು, ಎರಡು ಸಲ ಒತ್ತುವುದು ಎಲ್ಲಾ ಇತ್ತು. ಗುಂಟೆ ಇರಲಿಲ್ಲ. "ಕರ್ನಾಟಕದ ಪಹಣಿ ಪ್ರಕಾರ ಯೋಚಿಸು" ಅಂದ ಮೇಲೆ ಗುಂಟೆ ಬಂತು.

ಸೇಡಂ_ರೋಡ್

ನೋಡಿದಿರಾ, ಕೇಳಿದರೆ ಬರುತ್ತದೆ. ಅರ್ಧ ದಿನದ ಟೈಪಿಂಗ್ ಉಳಿಯಿತು. ಅದನ್ನು ಬೇಡ ಅನ್ನುವುದು ತಪ್ಪು.

ಕನ್ನಡ_ಅಕ್ಷರ

ಬೇಡ ಅಂದವರು ಯಾರು? ಆದರೆ ಪಹಣಿ ಅಂತ ಕೇಳಬೇಕು ಅನ್ನುವುದು ಚಿಂಚೋಳಿಯವರಿಗೆ ಗೊತ್ತಿತ್ತು. ಅವರಿಗೆ ಅದು ಹೊಳೆದಿದ್ದು ಮೇಲೆ ಶಹಾಪುರದವರು ಬರೆದಿದ್ದು ಓದಿದ ಮೇಲೆ.

ದಾಲ್‌ಮಿಲ್_ಕಾಕಾ

ನನಗೆ ನಂದೂರ ಕಡೆ ದಾಲ್ ಮಿಲ್ ಇದೆ. ಮಗ ಈ ಲಿಂಕ್ ಕಳಿಸಿದ, ಎಲ್ಲಾ ಓದಿದೆ. ನನ್ನದೊಂದು ಸಂಕಟ ಕೇಳಿ.

ಬಿಲ್ಲಿಂಗ್ ಸಾಫ್ಟ್‌ವೇರ್ ಒಬ್ಬರಿಂದ ತಗೊಂಡಿದ್ದೇನೆ. ಪ್ರತಿ ವರ್ಷ ಸೀಸನ್‌ನಲ್ಲೇ, ಜನವರಿಯಲ್ಲಿ ತೊಗರಿ ಬರುವ ಹೊತ್ತಿಗೆ, ಅಪ್‌ಡೇಟ್ ಅಂತ ಹಾಕುತ್ತಾರೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 25 ಕೆಜಿವರೆಗೆ ಜಿಎಸ್‌ಟಿ 5% ಅಂತ ಬಂದಾಗ ದೊಡ್ಡ ಫಜೀತಿ ಆಯಿತು. 25 ಕೆಜಿ ಚೀಲಕ್ಕೆ ತೆರಿಗೆ ಬೀಳಬೇಕು, 30 ಕೆಜಿ ಚೀಲಕ್ಕೆ ಬೀಳಬಾರದು. ಅವರ ಸಾಫ್ಟ್‌ವೇರ್ 25 ಕೆಜಿಗೂ ಬಿಟ್ಟುಬಿಟ್ಟಿತು. ನಮ್ಮ ಮುನೀಮರು ಕೈಯಿಂದ ಬಿಲ್ ತಿದ್ದುತ್ತಾ ಕೂತರು. ಫೋನ್ ಮಾಡಿದರೆ "ಟೆಸ್ಟ್ ಮಾಡಿದ್ದೇವೆ ಸಾಹುಕಾರೆ" ಅಂತಾರೆ. ಏನು ಟೆಸ್ಟ್ ಮಾಡಿದರು?

ಆಳಂದ_ಹುಡುಗ

ಕಾಕಾ, ಇದು ನನಗೆ ಗೊತ್ತು! ಬೌಂಡರಿ! 10 ಕೆಜಿ ಹಾಕಿ ನೋಡಿರಬೇಕು, 50 ಕೆಜಿ ಹಾಕಿ ನೋಡಿರಬೇಕು, ಎರಡೂ ಸರಿ ಬಂದಿರುತ್ತದೆ. ಸರಿಯಾಗಿ 25 ಹಾಕಿ ನೋಡಿಲ್ಲ. "25ಕ್ಕಿಂತ ಕಡಿಮೆ" ಅಂತ ಬರೆದಿದ್ದಾರೆ, "25 ಅಥವಾ ಕಡಿಮೆ" ಅಂತ ಇರಬೇಕಿತ್ತು. 24.9, 25, 25.1 ಹಾಕಬೇಕಿತ್ತು.

ಖೂಬಾಪ್ಲಾಟ್_ಟೆಸ್ಟರ್

ಶಾಬಾಸ್ ತಮ್ಮಾ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗು. 10 ಕೆಜಿಯ ಹತ್ತು ಪ್ಯಾಕೆಟ್ ಒಂದು ದೊಡ್ಡ ಚೀಲದಲ್ಲಿ ಹಾಕಿದರೆ? ಒಟ್ಟು 100 ಕೆಜಿ.

ಆಳಂದ_ಹುಡುಗ

100 ಅಂದರೆ 25ಕ್ಕಿಂತ ಜಾಸ್ತಿ, ತೆರಿಗೆ ಇಲ್ಲ?

ದಾಲ್‌ಮಿಲ್_ಕಾಕಾ

ಇಲ್ಲಪ್ಪಾ, ಬೀಳುತ್ತದೆ. ಒಳಗಿನ ಪ್ಯಾಕೆಟ್ ಗಿರಾಕಿಗೆ ಬಿಡಿಯಾಗಿ ಮಾರೋಕೆ ಇರುವುದು, ಪ್ಯಾಕೆಟ್ ಲೆಕ್ಕವೇ ಹಿಡಿಯಬೇಕು. ನಮ್ಮ ಸಿಎ ಆಗಲೇ ಹೇಳಿದ್ದರು.

ಹುಮನಾಬಾದ್_ಅಕ್ಕ

ಕಾಕಾರೆ, ಮುಂದಿನ ಸೀಸನ್‌ಗೆ ಹೀಗೆ ಮಾಡಿ. ಅಪ್‌ಡೇಟ್ ನೇರವಾಗಿ ಬಿಲ್ ಹೊಡೆಯುವ ಕಂಪ್ಯೂಟರ್‌ಗೆ ಹಾಕಲು ಬಿಡಬೇಡಿ. ಇನ್ನೊಂದು ಕಂಪ್ಯೂಟರ್‌ಗೆ ಹಾಕಿಸಿ. ಹಿಂದಿನ ದಿನದ ಬಿಲ್ ಎಲ್ಲಾ ಹೊಸದರಲ್ಲಿ ಮತ್ತೆ ಹೊಡೆಯಿರಿ, ಹಳೇದಕ್ಕೂ ಹೊಸದಕ್ಕೂ ಒಟ್ಟು ಮೊತ್ತ ತಾಳೆ ನೋಡಿ. ತಾಳೆ ಆಗದ ಬಿಲ್ ಮಾತ್ರ ಮುನೀಮರು ಕೂತು ನೋಡಲಿ. ಯಾವ ಬಿಲ್ ಆರಿಸಬೇಕು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ: ಮಿಕ್ಸ್ ಚೀಲ, ವಾಪಸ್ ಬಂದ ಮಾಲು, ಅರ್ಧ ಉದ್ರಿ ಅರ್ಧ ರೊಕ್ಕ.

ದಾಲ್‌ಮಿಲ್_ಕಾಕಾ

ಇದು ಆಗುವ ಮಾತು. ಹಳೇ ಕಂಪ್ಯೂಟರ್ ಒಂದು ಮೂಲೆಯಲ್ಲಿದೆ. ಆದರೆ ಹಿಂದಿನ ದಿನ ರೇಟ್ ಬೇರೆ ಇರುತ್ತದಲ್ಲಾ, ತಾಳೆ ಹೇಗೆ ಆಗುತ್ತದೆ?

ಹುಮನಾಬಾದ್_ಅಕ್ಕ

ಒಳ್ಳೇ ಪ್ರಶ್ನೆ. ಅಪ್‌ಡೇಟ್ ಹಾಕುವ ಮೊದಲು ಆ ದಿನದ ಬ್ಯಾಕಪ್ ತೆಗೆದು ಹಳೇ ಕಂಪ್ಯೂಟರ್‌ಗೆ ಹಾಕಿಸಿ. ಬಿಲ್‌ಗೆ ಹಾಕುವ ತಾರೀಖೂ ಹಿಂದಿನ ದಿನದ್ದೇ ಇರಲಿ. ಆಗ ರೇಟೂ ಅವತ್ತಿನದೇ ಬರಬೇಕು. ಬರಲಿಲ್ಲ ಅಂದರೆ ಅದೇ ನಿಮ್ಮ ಮೊದಲ ಬಗ್, ಬರೆದಿಟ್ಟುಕೊಂಡು ಅವರಿಗೆ ಕಳಿಸಿ.

ಆಳಂದ_ಹುಡುಗ

ಕಾಕಾ, ಮುನೀಮರ ಜತೆ ಕೂತು ಬಿಲ್ ಹೊಡೆಯಲು ನಾನು ಬರಲಾ? ಜನವರಿಯಲ್ಲಿ ಖಾಲಿ ಇದ್ದೇನೆ.

ದಾಲ್‌ಮಿಲ್_ಕಾಕಾ

ಬಾರಪ್ಪಾ. ಊಟ ಮಿಲ್‌ನಲ್ಲೇ. ಜನವರಿ ಅಂದರೆ ತಡ ಆಗುತ್ತದೆ, ಡಿಸೆಂಬರ್ ಕೊನೆಗೇ ಬಾ, ಅವರು ಅಪ್‌ಡೇಟ್ ತರುವ ಮೊದಲು.